ಅಲ್ಜಿಯಾ ಆರಿಸಿದ ಗೆಲಾಕ್ಸಿಗಳು

ರಫೀಕಾ ಮೂರನೆಯ ಸಲ ಬಾಗಿಲು ತಟ್ಟಿದಾಗ ಒಳಗಿನಿಂದ ಉತ್ತರ ಬಂತು.

"ಅಲ್ಜಿಯಾ ಮನೇಲಿಲ್ಲ."

ಪಕ್ಕದಲ್ಲಿ ನಿಂತಿದ್ದ ವಿದಾದ್ ತಲೆ ತಗ್ಗಿಸಿ ನಕ್ಕಳು. ಮರಳುಗಾಡಿನಂಚಿನ ದೆಗಾಶ್ ಊರಿನ ಯುವಜನ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುವ ವಿದಾದ್‌ಗೆ ಈ ಮನೆಯಾಕೆ ತಾಯಿಯ ಅಕ್ಕ, ಅಂದರೆ ಖಾಲ್ತಿ. ಬಾಗಿಲ ಸಂದಿಗೆ ಬಾಯಿಟ್ಟು, "ಖಾಲ್ತಿ, ಅದು ನಿನ್ನದೇ ದನಿ ಅಲ್ವಾ? ಇವರು ತ್ಯೂನಿಸ್‌ನಿಂದ ಬಂದಿದಾರೆ. ನಿನ್ನೆ ಏಳು ಗಂಟೆ ಕಾಲ ವ್ಯಾನಲ್ಲಿ ಕೂತಿದ್ರು," ಎಂದಳು.

"ಹಾಗಾದ್ರೆ ಸುಸ್ತಾಗಿರತ್ತೆ. ಮನೆಗೆ ಕರ್ಕೊಂಡು ಹೋಗಿ ಮಲಗಿಸು."

ಇಬ್ಬರೂ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೋಲು ಊರುವ ಸದ್ದು ಹತ್ತಿರವಾಗಿ ಅಗುಳಿ ಸರಿಯಿತು. ಅರವತ್ತು ದಾಟಿದ, ಎತ್ತರದ, ಅಗಲ ಮುಖದ ಹೆಂಗಸು. ಮೈಗೆ ಸುತ್ತಿದ್ದ ನೀಲಿ ಹೌಲಿಯ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಬಂದವಳನ್ನು ನೆತ್ತಿಯಿಂದ ಬೂಟಿನವರೆಗೆ ಒಂದೇ ಒಂದು ಸಲ ನೋಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ನೋಟ ಮುಗಿದಿತ್ತು. ಒಳಗೆ ಬನ್ನಿ ಎನ್ನದೆ ತಿರುಗಿ ಅಂಗಳದ ಕಡೆ ಕುಂಟುತ್ತಾ ನಡೆದಳು. ಬಾಗಿಲು ಮಾತ್ರ ತೆರೆದೇ ಇತ್ತು.

ಅಂಗಳದಲ್ಲಿ ದಾಳಿಂಬೆ ಗಿಡದ ಕೆಳಗೆ ಚಾಪೆ, ಚಾಪೆಯ ಮೇಲೆ ಆಗಷ್ಟೇ ಕುಯ್ದು ತಂದ ಖರ್ಜೂರದ ರಾಶಿ. ಅಕ್ಟೋಬರ್ ಕಳೆಯುತ್ತಾ ಬಂದಿತ್ತು. ಊರಿನ ಎಲ್ಲ ಅಂಗಳಗಳಲ್ಲೂ ಆಗ ಅದೇ ರಾಶಿ, ಅದೇ ನೊಣ. ಅಲ್ಜಿಯಾ ಗೋಡೆಗೊರಗಿಸಿದ ಎತ್ತರದ ದಿಂಬಿನ ಮೇಲೆ ಕೂತು, ಕೆಟ್ಟ ಸೊಂಟದ ಕಡೆಯ ಕಾಲನ್ನು ಕೈಯಿಂದಲೇ ಎತ್ತಿ ನೀಡಿಕೊಂಡಳು. ರಫೀಕಾ ಚಾಪೆಯ ಅಂಚಿನಲ್ಲಿ ಕೂತಳು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ಕೊನೆಯಲ್ಲಿ ಹೇಳಬೇಕೆಂದಿದ್ದ ಮಾತೇ ಮೊದಲು ಬಾಯಿಗೆ ಬಂತು.

"ಆ ಕಾಗದ ಬರೆದೋಳು ನಾನೇ."

ಅಲ್ಜಿಯಾ ಒಂದು ಖರ್ಜೂರ ಎತ್ತಿ ಎಡಗಡೆಯ ಬುಟ್ಟಿಗೆ ಹಾಕಿದಳು. ಇನ್ನೊಂದು ಎತ್ತಿ ಬಲಗಡೆಗೆ ಹಾಕಿದಳು.

ಆ ಕಾಗದದ ಕಥೆ ದೆಗಾಶಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಜಿಯಾ ಮೂವತ್ತೊಂದು ವರ್ಷ ಊರಾಚೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಖರ್ಜೂರ ಆರಿಸಿದವಳು. ಮುಂದೆ ಬೆಲ್ಟು ಓಡುತ್ತಿರುತ್ತದೆ, ಹಣ್ಣು ಹರಿದು ಬರುತ್ತಿರುತ್ತದೆ. ಹುಳ ಹೊಕ್ಕಿದ್ದು, ಒಣಗಿದ್ದು, ಹಬೆ ಹಿಡಿದು ಊದಿಕೊಂಡಿದ್ದು, ಎಲ್ಲವನ್ನೂ ಕಣ್ಣಲ್ಲೇ ಹಿಡಿದು ಕೈಯಲ್ಲಿ ಬೇರೆ ಮಾಡಬೇಕು. ಅವಳು ಆರಿಸಿದ ಪೆಟ್ಟಿಗೆಯನ್ನು ಮೇಸ್ತ್ರಿ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ಸೊಂಟದ ಮೂಳೆ ಸವೆದು ಎಂಟು ಗಂಟೆ ನಿಲ್ಲಲಾಗದೆ ಹೋದಾಗ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು. ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ದಿನ ಉದ್ದವಾಯಿತು.

ಒಂದು ದಿನ ವಿದಾದ್‌ಗೆ ಊಟ ಕೊಡಲು ಯುವಜನ ಕೇಂದ್ರಕ್ಕೆ ಹೋದವಳು ಕಂಪ್ಯೂಟರಿನ ಹಿಂದೆ ನಿಂತಳು. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಮಂಜು ಮಂಜಾದ ಬೆಳಕಿನ ತುಣುಕು. ತ್ಯೂನಿಸ್‌ನ ಒಂದು ಸಂಸ್ಥೆಯವರು ಗೆಲಾಕ್ಸಿಗಳ ಲಕ್ಷಗಟ್ಟಲೆ ಚಿತ್ರಗಳನ್ನು ಜನರ ಮುಂದಿಟ್ಟಿದ್ದರು. ಯಾರು ಬೇಕಾದರೂ ನೋಡಿ ಮೂರು ಪ್ರಶ್ನೆಗೆ ಗುಂಡಿ ಒತ್ತಬಹುದು. ಗುಂಡಗಿದೆಯೋ ಚಪ್ಪಟೆಯೋ, ತೋಳುಗಳಿವೆಯೋ ಇಲ್ಲವೋ, ನಡುವೆ ಉಬ್ಬು ಇದೆಯೋ ಇಲ್ಲವೋ. ವಿದಾದ್ ಒಂದು ಚಿತ್ರದ ಮುಂದೆ ಯೋಚಿಸುತ್ತಾ ಕೂತಿದ್ದಳು. "ಇದರಲ್ಲಿ ಯೋಚಿಸೋಕೆ ಏನಿದೆ, ಉಬ್ಬು ಇಲ್ಲ ಅಂತ ಒತ್ತು," ಎಂದಳು ಅಲ್ಜಿಯಾ. ಆಮೇಲೆ ಕುರ್ಚಿ ಎಳೆದುಕೊಂಡಳು. ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಸಾವಿರ ಚಿತ್ರ ನೋಡಿದಳು. ಮೈ ತುಂಬಾ ಖರ್ಜೂರದ ಅಂಟು ಇಲ್ಲದ ಶೆಡ್ಡು ಇದು ಎಂದು ಗೆಳತಿಯರಿಗೆ ಹೇಳುತ್ತಿದ್ದಳಂತೆ.

ಫೆಬ್ರವರಿಯಲ್ಲಿ ಕಾಗದ ಬಂತು, ಕೇಂದ್ರದ ಕಂಪ್ಯೂಟರಿಗೇ. ವಿದಾದ್ ಅದನ್ನು ಮೆಚ್ಚುಗೆಯ ಪತ್ರವೆಂದುಕೊಂಡು ಗೋಡೆಯ ದೊಡ್ಡ ಪರದೆಗೆ ಹಾಕಿ ಎಲ್ಲರ ಮುಂದೆ ಓದತೊಡಗಿದಳು. ಅರ್ಧಕ್ಕೆ ಬಂದಾಗ ದನಿ ಸಣ್ಣಗಾಯಿತು. ನಾಲ್ಕು ಸಾವಿರದ ನಾಲ್ಕು ನೂರ ಹದಿನೇಳನೆಯ ಖಾತೆಯವರ ಉತ್ತರಗಳು ಉಳಿದವರ ಉತ್ತರಗಳಿಗೆ ಹೊಂದುತ್ತಿಲ್ಲ, ನೋಡದೆ ಒತ್ತಿದಂತೆ ಕಾಣುತ್ತವೆ, ಆದ್ದರಿಂದ ಖಾತೆಯನ್ನು ಮುಚ್ಚಲಾಗಿದೆ. ಅಲ್ಲಿ ಶೆಡ್ಡಿನ ಮೇಸ್ತ್ರಿಯ ಹೆಂಡತಿಯೂ ಕೂತಿದ್ದಳು. ಸಂಜೆಯೊಳಗೆ ಊರೆಲ್ಲ ಸುದ್ದಿ. ಅಲ್ಜಿಯಾಳನ್ನು ಭೂಮಿಯ ಶೆಡ್ಡಿನವರು ಕಳಿಸಿದರು, ಈಗ ಆಕಾಶದ ಶೆಡ್ಡಿನವರೂ ಕಳಿಸಿದರು ಎಂದು ರೊಟ್ಟಿ ಅಂಗಡಿಯ ಸಾಲಿನಲ್ಲಿ ನಗಾಡಿದರು. ಅಲ್ಜಿಯಾ ಮತ್ತೆ ಕೇಂದ್ರದ ಮೆಟ್ಟಿಲು ಹತ್ತಲಿಲ್ಲ.

"ಮುಖ ಕೂಡ ನೋಡದೆ ಬರೆದೆ," ಎಂದಳು ರಫೀಕಾ. "ಆ ಕಾಗದ ಮೊದಲೇ ಸಿದ್ಧವಾಗಿರತ್ತೆ. ಖಾತೆ ನಂಬರ್ ಹಾಕ್ಬೇಕು ಅಷ್ಟೆ. ಅರ್ಧ ನಿಮಿಷ ಹಿಡೀತು ನಂಗೆ."

ಅಲ್ಜಿಯಾ ತಲೆ ಎತ್ತಲಿಲ್ಲ. ಖಾಲಿ ಬುಟ್ಟಿಯೊಂದನ್ನು ಕೋಲಿನ ತುದಿಯಿಂದ ಅವಳ ಕಡೆ ದೂಡಿದಳು.

"ಬಂದಿದೀರಲ್ಲ, ಆರಿಸಿ," ಎಂದಳು. "ಒಳ್ಳೇದು ಮಾತ್ರ."

ರಫೀಕಾ ಸ್ಕಾರ್ಫ್ ಹಿಂದಕ್ಕೆ ಕಟ್ಟಿಕೊಂಡು ಕೂತಳು. ಮಹ್ದಿಯಾದ ಮೀನುಗಾರರ ಮನೆಯ ಮಗಳು ಅವಳು. ಖರ್ಜೂರ ಎಂದರೆ ಅಂಗಡಿಯ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುವುದು ಎಂದಷ್ಟೇ ಗೊತ್ತಿತ್ತು. ವಿದಾದ್ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ ಚಹಾ ಇಟ್ಟಳು. ಅರ್ಧ ಗಂಟೆಯಲ್ಲಿ ರಫೀಕಾಳ ಬುಟ್ಟಿ ಮುಕ್ಕಾಲು ತುಂಬಿತು. ಅಲ್ಜಿಯಾ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೈಯಾಡಿಸಿದಳು. ಕಣ್ಣು ಒಂದು ಕಡೆ, ಬೆರಳು ಇನ್ನೊಂದು ಕಡೆ. ಹಣ್ಣುಗಳು ತಾವಾಗಿಯೇ ಎದ್ದು ಹೋಗುತ್ತಿವೆಯೇನೋ ಎನ್ನುವ ಹಾಗೆ ರಾಶಿಗೆ ಮರಳಿದವು. ಎರಡು ನಿಮಿಷದ ಮೇಲೆ ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು.

"ಶೆಡ್ಡಲ್ಲಾಗಿದ್ರೆ ನಿಮಗೂ ಕಾಗದ ಕೊಡ್ತಿದ್ರು," ಎಂದಳು ಅಲ್ಜಿಯಾ.

ರಫೀಕಾ ನಕ್ಕುಬಿಟ್ಟಳು. ಅಲ್ಜಿಯಾ ನಗಲಿಲ್ಲ, ಆದರೆ ಮೊದಲ ಲೋಟ ಚಹಾ ಅವಳಿಗೇ ಕೊಟ್ಟಳು.

ರಫೀಕಾ ಬಂದ ಕಾರಣ ಹೇಳಿದಳು. ಪ್ರತಿಯೊಂದು ದೊಡ್ಡ ಗೆಲಾಕ್ಸಿಯ ನಡುವೆಯೂ ಒಂದು ಕಪ್ಪುಕುಳಿ ಇರುತ್ತದೆ. ಬೆಳಕನ್ನೂ ಹೊರಗೆ ಬಿಡದ, ಕೋಟ್ಯಂತರ ಸೂರ್ಯರ ತೂಕದ ಕುಳಿ. ಗಾತ್ರದಲ್ಲಿ ಮಾತ್ರ, ಗೆಲಾಕ್ಸಿ ಸಹಾರಾ ಮರಳುಗಾಡಾದರೆ ಕುಳಿ ಅದರಲ್ಲಿ ಬಿದ್ದ ಒಂದು ಸಾಸಿವೆ ಕಾಳು. ಆದರೂ ಗೆಲಾಕ್ಸಿಯ ನಡುವಿನ ನಕ್ಷತ್ರಗಳ ಉಬ್ಬಿಗೂ ಆ ಕುಳಿಗೂ ಲೆಕ್ಕ ಹಾಕಿಟ್ಟಂಥ ಹೊಂದಾಣಿಕೆ: ಉಬ್ಬಿನ ತೂಕ ಸಾವಿರವಾದರೆ ಕುಳಿಯದು ಒಂದೋ ಎರಡೋ. ಹೀಗೆ ಎರಡೂ ಒಟ್ಟಿಗೆ ಬೆಳೆದಿದ್ದು ಹೇಗೆ ಎನ್ನುವುದೇ ಅವಳ ವಿಭಾಗದ ಹಿರಿಯರಾದ, ಎಲ್ಲರೂ ಗೌರವದಿಂದ ಸಿ ಲಮ್ಜೆದ್ ಎಂದು ಕರೆಯುವವರ ಇಪ್ಪತ್ತು ವರ್ಷದ ಕೆಲಸ, ಹತ್ತು ವರ್ಷದಿಂದ ಅವಳ ಕೆಲಸವೂ. ಗೆಲಾಕ್ಸಿಗೆ ಗೆಲಾಕ್ಸಿ ಢಿಕ್ಕಿ ಹೊಡೆದಾಗ ಅನಿಲವೆಲ್ಲ ನಡುವಿಗೆ ಕುಸಿದು ಉಬ್ಬನ್ನೂ ಬೆಳೆಸುತ್ತದೆ, ಕುಳಿಯ ಹೊಟ್ಟೆಯನ್ನೂ ತುಂಬಿಸುತ್ತದೆ ಎಂಬುದು ಸಿ ಲಮ್ಜೆದ್ ಅವರ ವಾದ.

ಈ ಬೇಸಿಗೆಯಲ್ಲಿ, ನಡುವಿನಲ್ಲಿ ಬೆಳಕು ಉರಿಯುವ ಎಪ್ಪತ್ತು ಗೆಲಾಕ್ಸಿಗಳ ಹೊಸ ಚಿತ್ರಗಳು ಅವಳ ಕೈಗೆ ಬಂದವು. ಬಾಹ್ಯಾಕಾಶದ ದೂರದರ್ಶಕ ತೆಗೆದ, ಹಳೆಯವಕ್ಕಿಂತ ಹತ್ತು ಪಟ್ಟು ಸ್ಪಷ್ಟವಾದ ಚಿತ್ರಗಳು. ಹಳೆಯ ಮಸುಕು ಚಿತ್ರಗಳಿಗೆ ಯಾರು ಏನು ಉತ್ತರ ಕೊಟ್ಟಿದ್ದರೆಂದು ಹೋಲಿಸಿದಾಗ, ಜನ ಎಲ್ಲಿ ಉಬ್ಬು ಇದೆ ಎಂದಿದ್ದರೋ ಅಲ್ಲಿ ಹೆಚ್ಚಿನ ಕಡೆ ಉಬ್ಬೇ ಇರಲಿಲ್ಲ. ಹಾಗೆ ಇಲ್ಲ ಎಂದು ಹೇಳಿದ್ದ ಒಂದೇ ಒಂದು ಖಾತೆಯಿತ್ತು. ಎಪ್ಪತ್ತರಲ್ಲಿ ಅರವತ್ತಮೂರು ಸರಿ. ರಫೀಕಾ ಮೂರು ಸಲ ಲೆಕ್ಕ ಹಾಕಿದಳು. ಆಮೇಲೆ ಖಾತೆಯ ಹೆಸರು ಹುಡುಕಿದಳು, ಆಮೇಲೆ ತಾನು ಬರೆದ ಕಾಗದ ಸಿಕ್ಕಿತು. ಸಿ ಲಮ್ಜೆದ್ ಅವರ ಕೋಣೆಗೆ ಹೋಗಿ ಹೇಳಿದಾಗ ಅವರು, ಯಾವ ಯಂತ್ರ ಅದು ಎಂದು ಕೇಳಿದರಂತೆ. ದೆಗಾಶಿನ ಒಬ್ಬ ಹೆಂಗಸು ಎಂದಳು. ಅವರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಾಳೆಯೇ ಹೊರಡು ಎಂದರು.

ಅಲ್ಜಿಯಾ ಚಹಾ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡಳು.

"ಅರವತ್ತಮೂರು ಅಂದ್ರೆ ಏಳು ತಪ್ಪು," ಎಂದಳು. "ಆ ಏಳು ಯಾವುವು, ತಂದಿದೀರಾ?"

"ತಂದಿದೀನಿ. ಆದ್ರೆ ಖಾಲ್ತಿ, ಉಳಿದವು ಹೇಗೆ ಗೊತ್ತಾಯ್ತು ನಿಮಗೆ? ನಾನೇ ಮೂವತ್ತೆಂಟು ಸರಿ ಹೇಳಿದೀನಿ, ಅಷ್ಟೆ. ಇದನ್ನೇ ಓದಿದೋಳು ನಾನು."

ಅಲ್ಜಿಯಾಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ರಾಶಿಯಿಂದ ಎರಡು ಹಣ್ಣು ಎತ್ತಿ ರಫೀಕಾಳ ಅಂಗೈಯಲ್ಲಿಟ್ಟಳು. ಎರಡೂ ಒಂದೇ ದಪ್ಪ, ಒಂದೇ ಬಣ್ಣ. ಒಂದು ನಿಜಕ್ಕೂ ತುಂಬಿದ ಹಣ್ಣು, ಇನ್ನೊಂದು ಹಬೆ ಹಿಡಿದು ಊದಿದ್ದು ಎಂದಳು. ತುಂಬಿದ ಹಣ್ಣಿನ ಮೇಲೆ ಹೊಳಪು ನಡುವಿನಿಂದ ಅಂಚಿಗೆ ಮೆಲ್ಲಗೆ ಇಳಿಯುತ್ತದೆ. ಊದಿದ್ದರ ಮೇಲೆ ಒಂದು ಕಡೆ ಮಿಂಚಿ, ಅಲ್ಲೇ ನಿಂತುಬಿಡುತ್ತದೆ. "ನಿಮ್ಮ ಚಿತ್ರದಲ್ಲೂ ಹಾಗೇ. ಉಬ್ಬಿದ್ರೆ ಬೆಳಕು ಇಳಿಜಾರಾಗಿ ಇಳೀಬೇಕು. ಇವಕ್ಕೆ ಇಳಿಜಾರೇ ಇಲ್ಲ. ಚಪ್ಪಟೆ ತಟ್ಟೆ ನಡುವೆ ಯಾರೋ ದೀಪ ಇಟ್ಟಂಗಿದೆ. ದೀಪಾನ ಉಬ್ಬು ಅಂದ್ಕೊಂಡ್ರಿ ನೀವೆಲ್ಲ."

ರಫೀಕಾ ಬಹಳ ಹೊತ್ತು ಆ ಎರಡು ಹಣ್ಣುಗಳನ್ನು ನೋಡಿದಳು. ಕುಳಿಗೆ ಬೀಳುವ ಅನಿಲ ಕಾದು ಉರಿಯುವ ಬೆಳಕೇ ಆ ದೀಪ. ಅದನ್ನು ಬೇರ್ಪಡಿಸಲು ಅವಳ ಸಂಸ್ಥೆಯಲ್ಲಿ ನಾಲ್ಕು ಜನ ಎರಡು ವರ್ಷ ಕೂತು ಲೆಕ್ಕ ಬರೆದಿದ್ದರು.

ಅಲ್ಜಿಯಾ ಈಗ ಒಂದು ಹಣ್ಣನ್ನು ಬಿಸಿಲಿಗೆ ಹಿಡಿದಳು. ದೆಗ್ಲೆತ್ ನೂರ್ ತಳಿಯ ಹಣ್ಣು; ಜೇನಿನ ಬಣ್ಣದ ತಿರುಳಿನ ಒಳಗೆ ಬೀಜ ನೆರಳಿನ ಕಡ್ಡಿಯಂತೆ ಕಂಡಿತು.

"ನಮ್ಮಪ್ಪ ಮರ ಹತ್ತಿ ಗಂಡು ಹೂವಿನ ಪುಡಿ ಕಟ್ತಿದ್ದ," ಎಂದಳು. "ಪುಡಿ ಬೀಳದ ಕಾಯಿಗೆ ಬೀಜವೂ ಕಟ್ಟಲ್ಲ, ತಿರುಳೂ ಕೂಡಲ್ಲ, ಹಸಿರಾಗೇ ಉಳಿಯತ್ತೆ. ಪುಡಿ ಬಿದ್ದ ಮೇಲೆ ವಾರಕ್ಕೊಂದು ಕಾಯಿ ಬಿಚ್ಚಿ ತೋರಿಸ್ತಿದ್ದ. ಬೀಜ ಇಷ್ಟು, ತಿರುಳು ಇಷ್ಟು. ಮುಂದಿನ ವಾರ ಬೀಜ ಅಷ್ಟು, ತಿರುಳು ಅಷ್ಟು."

"ಯಾವುದು ಮೊದಲು ಬೆಳೀತಿತ್ತು?"

"ಅದನ್ನ ನಾನೂ ಕೇಳಿದ್ದೆ. ನಿನ್ನ ಬಲಗಾಲು ಮೊದಲು ಬೆಳೀತಾ ಎಡಗಾಲಾ ಅಂದ ನಮ್ಮಪ್ಪ." ಅಲ್ಜಿಯಾ ಹಣ್ಣನ್ನು ಕೆಳಗಿಟ್ಟಳು. "ಸರಿ. ನಿಮ್ಮ ಕುಳಿ ಹಾಗೇ ಬೆಳ್ಕೊಂಡು ಹೋಗತ್ತಾ? ನಿಲ್ಲೋದೇ ಇಲ್ವಾ?"

"ನಿಲ್ಲತ್ತೆ. ತುಂಬಾ ತಿಂದಾಗ ಸುತ್ತ ಬೆಂಕಿ ಹತ್ತಿದಂಗೆ ಉರಿದು, ಗಾಳಿ ಏಳತ್ತೆ. ಆ ಗಾಳಿ ಗೆಲಾಕ್ಸಿಯಲ್ಲಿರೋ ಅನಿಲಾನ ಆಚೆ ತಳ್ಳತ್ತೆ. ಅನಿಲ ಹೋದ್ರೆ ಹೊಸ ನಕ್ಷತ್ರ ಹುಟ್ಟಲ್ಲ, ಕುಳಿಗೂ ಊಟ ಇಲ್ಲ."

"ಅಂದ್ರೆ ತಿಂದೂ ತಿಂದೂ ಅಡುಗೆಮನೆ ಬಾಗಿಲನ್ನ ತಾನೇ ಹಾಕ್ಕೊಳತ್ತೆ."

"ಹೌದು ಖಾಲ್ತಿ. ಹಾಗೇ ಅಂತ ನಾವು ನಂಬಿರೋದು. ಆದ್ರೆ ನೀವು ಉಬ್ಬಿಲ್ಲ ಅಂದ್ರಲ್ಲ, ಅವುಗಳ ಕುಳಿ ಅಳೆದು ನೋಡಿದೆ. ಸಣ್ಣವಿಲ್ಲ. ಚಪ್ಪಟೆ ಗೆಲಾಕ್ಸಿ ಅಂದ್ರೆ ಹುಟ್ಟಿದಾಗಿಂದ ಯಾವ ದೊಡ್ಡದೂ ಅದಕ್ಕೆ ಢಿಕ್ಕಿ ಹೊಡೆದಿಲ್ಲ. ಢಿಕ್ಕಿ ಹೊಡೀದೆ ಆ ಕುಳಿಗೆ ಅಷ್ಟು ಊಟ ಎಲ್ಲಿಂದ ಬಂತು? ನಂಗೆ ನಿದ್ದೆ ಇಲ್ಲ ಅದರಿಂದ."

ಅಲ್ಜಿಯಾ ವಿದಾದ್ ಕಡೆ ತಿರುಗಿ, ಇವರಿಗೆ ಪಕ್ಕದ ಮನೆಯ ಸಾಲ್ಹಾಳನ್ನು ತೋರಿಸಿದೆಯಾ ಎಂದು ಕೇಳಿದಳು. ವಿದಾದ್ ಬಾಯಿಗೆ ಸೆರಗು ಒತ್ತಿಕೊಂಡಳು.

"ಮದುವೆ ಮನೇಲಿ ಉಂಡೋರು ಮಾತ್ರ ದಪ್ಪ ಆಗ್ತಾರಾ ಮಗಳೇ? ಸಾಲ್ಹಾ ಜನ್ಮದಲ್ಲಿ ಯಾರ ಮದುವೆಗೂ ಹೋದೋಳಲ್ಲ. ಮನೇಲೇ ಕೂತು ದಿನಾ ಒಂದೊಂದು ರೊಟ್ಟಿ ಜಾಸ್ತಿ ತಿಂದಳು. ಈಗ ಈ ಬಾಗಿಲಲ್ಲಿ ಹಿಡಿಸಲ್ಲ."

ರಫೀಕಾ ನಕ್ಕಳು, ನಗುತ್ತಲೇ ಚೀಲದಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ತಟ್ಟೆಯೊಳಗಿನ ಅನಿಲ ಢಿಕ್ಕಿಯಿಲ್ಲದೆ, ಗಲಾಟೆಯಿಲ್ಲದೆ, ಸ್ವಲ್ಪ ಸ್ವಲ್ಪವೇ ನಡುವಿಗೆ ಜಾರಿ ಕೋಟ್ಯಂತರ ವರ್ಷ ಕುಳಿಯನ್ನು ಸಾಕಿರಬಹುದೆಂದು ಅವಳಿಗೂ ಅನ್ನಿಸಿತ್ತು. ಜೋರಾಗಿ ಹೇಳುವ ಧೈರ್ಯ ಬಂದಿರಲಿಲ್ಲ. ಅಲ್ಜಿಯಾ ತನ್ನನ್ನು ಮಗಳೇ ಎಂದು ಕರೆದಿದ್ದು ಅವಳಿಗೆ ಬರೆದು ಮುಗಿಸಿದ ಮೇಲೆ ಹೊಳೆಯಿತು.

ಮುಂದಿನ ಮಾತಿಗೆ ಅವಳು ಧೈರ್ಯ ತಂದುಕೊಂಡಳು. ಉಬ್ಬಿಲ್ಲವೆಂದು ತಾನು ನಂಬಿರುವ ಇನ್ನೂ ಮೂವತ್ತು ಗೆಲಾಕ್ಸಿಗಳಿವೆ, ತನ್ನ ಪ್ರಬಂಧ ನಿಂತಿರುವುದೇ ಅವುಗಳ ಮೇಲೆ, ಅಲ್ಜಿಯಾ ಅವನ್ನು ನೋಡಬೇಕು. ಪ್ರಬಂಧದಲ್ಲಿ ಹೆಸರು ಹಾಕುತ್ತೇನೆ ಎಂದಳು. ಅಲ್ಜಿಯಾ ಬುಟ್ಟಿಗಳನ್ನು ಗೋಡೆಯ ಬದಿಗೆ ಸರಿಸಿದಳು.

"ಹೆಸರಿನ ಮಾತು ಆಮೇಲೆ. ನನ್ನನ್ನ ಕೆಲಸದಿಂದ ತೆಗೆದ ಕಾಗದಾನ ಊರ ಮುಂದೆ ಓದಿದ್ರು. ಇನ್ನೊಂದನ್ನೂ ಅಲ್ಲೇ ಓದ್ಬೇಕು. ವಿದಾದ್ ಅಲ್ಲ, ನೀನು."

ಮಧ್ಯಾಹ್ನ ಮೂರರ ಹೊತ್ತಿಗೆ ಯುವಜನ ಕೇಂದ್ರದಲ್ಲಿ ಇಪ್ಪತ್ತೈದು ಜನ ಸೇರಿದ್ದರು. ವಿದಾದ್ ಯಾರಿಗೂ ಹೇಳಿಲ್ಲವೆಂದು ಆಣೆ ಮಾಡಿದಳು. ಶೆಡ್ಡಿನ ಹೆಂಗಸರು ಹಳದಿ ಏಪ್ರನ್ನನ್ನೂ ತೆಗೆಯದೆ ಬಂದಿದ್ದರು. ಮೇಸ್ತ್ರಿಯ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಲ್ಜಿಯಾ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ರಫೀಕಾ ಹೊರದೇಶದ ಸಭೆಗಳಲ್ಲಿ ನೂರಾರು ಪಂಡಿತರ ಮುಂದೆ ಮಾತಾಡಿದವಳು. ಇಲ್ಲಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಅಲ್ಜಿಯಾ ಹದ್ದಾದಿ ಅವರಿಗೆ," ಎಂದು ಓದಿದಳು. "ಫೆಬ್ರವರಿಯಲ್ಲಿ ನಾನು ನಿಮಗೆ ಬರೆದದ್ದು ತಪ್ಪು. ನೀವು ನೋಡಿದ್ದಿರಿ, ನಾವು ನೋಡಿರಲಿಲ್ಲ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅದೇ ಸರಿ ಎಂದುಕೊಂಡೆವು. ಎಪ್ಪತ್ತು ಚಿತ್ರಗಳಲ್ಲಿ ಅರವತ್ತಮೂರಕ್ಕೆ ನಿಮ್ಮ ಉತ್ತರ ಸರಿಯಿತ್ತು. ನಮ್ಮಲ್ಲಿ ಯಾರೂ ಅದರ ಹತ್ತಿರಕ್ಕೂ ಬಂದಿಲ್ಲ. ನಿಮ್ಮ ಖಾತೆಯನ್ನು ಇವತ್ತು ತೆರೆದಿದ್ದೇನೆ. ಕ್ಷಮೆ ಕೇಳುತ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಿಂದ ಮೇಸ್ತ್ರಿಯ ಹೆಂಡತಿ, ಓದಿದವರಿಗೆ ಎಷ್ಟು ಸರಿ ಬಂದಿತ್ತು ಎಂದು ಕೇಳಿದಳು. ರಫೀಕಾ ಮೂವತ್ತೆಂಟು ಎಂದಾಗ ಏಪ್ರನ್ನಿನವರ ನಡುವೆ ನಗು ಎದ್ದು ಕೋಣೆ ತುಂಬಿತು. ಅವರಲ್ಲೊಬ್ಬಳು ಎದ್ದು ಹಿಂದೆ ಹೋಗಿ ಅಲ್ಜಿಯಾಳ ಕುರ್ಚಿಯನ್ನು, ಅವಳು ಕೂತಿದ್ದಂತೆಯೇ, ಕಂಪ್ಯೂಟರಿನ ಮುಂದಕ್ಕೆ ತಳ್ಳಿಕೊಂಡು ಬಂದಳು.

ಅಲ್ಜಿಯಾ ಮೊದಲು ತಾನು ತಪ್ಪಿದ ಏಳನ್ನು ಕೇಳಿ ನೋಡಿದಳು. ಹಳೆಯ ಚಿತ್ರ, ಹೊಸ ಚಿತ್ರ, ಮತ್ತೆ ಹಳೆಯದು. ಒಂದೊಂದಕ್ಕೂ ಹೂಂ ಎಂದಳು. ಆಮೇಲೆ ಮೂವತ್ತು. ಜನ ಒಬ್ಬೊಬ್ಬರಾಗಿ ಶೆಡ್ಡಿಗೆ ಮರಳಿದರು. ಇಲ್ಲ, ಇಲ್ಲ, ಇಲ್ಲ ಎಂದು ಹೇಳುತ್ತಾ ಹೋದಳು ಅಲ್ಜಿಯಾ. ಪ್ರತಿ ಸಲವೂ ರಫೀಕಾಳ ಎದೆ ಹಗುರಾಯಿತು. ಹತ್ತೊಂಬತ್ತನೆಯದು ತೆರೆದಾಗ ರಫೀಕಾ ತಾನಾಗಿಯೇ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅದು ಅವಳ ಮೆಚ್ಚಿನ ಗೆಲಾಕ್ಸಿ. ಕಾಗದದಂತೆ ಚಪ್ಪಟೆ, ಆದರೆ ನಡುವಿನ ಕುಳಿ ಉಳಿದ ಎಲ್ಲವುಗಳಿಗಿಂತ ದೊಡ್ಡದು. ಪ್ರಬಂಧ ಶುರುವಾಗುವುದೇ ಅದರಿಂದ. ವಸಂತದಲ್ಲಿ ನಡೆಯಲಿದ್ದ ದೊಡ್ಡ ಸಭೆಗೆ ಅವಳನ್ನು ಕರೆದದ್ದೂ ಆ ಒಂದು ಚಿತ್ರ ನೋಡಿ.

"ಇದರಲ್ಲಿದೆ," ಎಂದಳು ಅಲ್ಜಿಯಾ.

ರಫೀಕಾಗೆ ಸರಿಯಾಗಿ ಕೇಳಿಸಲಿಲ್ಲ. ಅಲ್ಜಿಯಾ ಉಗುರಿನಿಂದ ಪರದೆಯ ಮೇಲೆ ಒಂದು ಅರ್ಧಚಂದ್ರ ಗೀರಿ ತೋರಿಸಿದಳು. ತಟ್ಟೆ ಓರೆಯಾಗಿ ನಿಂತಿದೆ, ಅದರ ಆಚೆ ಬದಿಯಲ್ಲಿ ಬೆಳಕು ಮೆಲ್ಲಗೆ ಇಳಿಯುತ್ತಿದೆ, ಈಚೆ ಬದಿಯನ್ನು ಧೂಳು ಮುಚ್ಚಿದೆ. ದೀಪವೂ ಇದೆ, ಉಬ್ಬೂ ಇದೆ.

ರಫೀಕಾ ವಾದ ಮಾಡಿದಳು. ದೀಪದ ಬೆಳಕನ್ನು ಕಳೆದು ನೋಡಿದ್ದೇವೆ, ಏನೂ ಉಳಿದಿಲ್ಲ, ಮೂರು ಜನ ಪರೀಕ್ಷಿಸಿದ್ದಾರೆ ಎಂದಳು. ಅಲ್ಜಿಯಾ ಎಲ್ಲವನ್ನೂ ಕೇಳಿಸಿಕೊಂಡಳು.

"ನಿಂಗೆ ಇದು ಬೇಕಿತ್ತಾ?"

"ತುಂಬಾ ಬೇಕಿತ್ತು."

"ಶೆಡ್ಡಲ್ಲೂ ಹಾಗೇ. ಲಾರಿ ಬಾಗಿಲಲ್ಲಿ ನಿಂತಿರತ್ತೆ, ಒಂದು ಪೆಟ್ಟಿಗೆ ಕಮ್ಮಿ ಬಂದಿರತ್ತೆ. ಮೇಸ್ತ್ರಿ ಬಂದು, ಇನ್ನೊಂದ್ಸಲ ನೋಡು ಅಲ್ಜಿಯಾ ಅಂತಿದ್ದ. ನೋಡ್ತಿದ್ದೆ. ಹಣ್ಣು ಮೊದಲಿದ್ದಂಗೇ ಇರೋದು."

ರಫೀಕಾ ತನ್ನ ಕಂಪ್ಯೂಟರನ್ನು ತೆರೆದು ಕಿಟಕಿಯ ಬಳಿಯ ಮೇಜಿಗೆ ಹೋದಳು. ಧೂಳು ಮುಚ್ಚಿದ ಬದಿಯನ್ನು ಬಿಟ್ಟು, ಆಚೆ ಬದಿಯೊಂದನ್ನೇ ಹಿಡಿದು, ದೀಪದ ಬೆಳಕನ್ನು ಮೊದಲಿನಿಂದ ಕಳೆಯತೊಡಗಿದಳು. ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಅಲ್ಜಿಯಾ ಉಳಿದ ಹನ್ನೊಂದಕ್ಕೂ ಇಲ್ಲ ಎಂದು ಒತ್ತಿ ಮುಗಿಸಿ, ವಿದಾದ್ ತಂದ ಮೆಣಸಿನಕಾಯಿ, ಈರುಳ್ಳಿ ತುಂಬಿದ ಬಿಸಿ ಮ್ತಬ್ಗಾ ರೊಟ್ಟಿಯನ್ನು ಹರಿದು ಅರ್ಧವನ್ನು ರಫೀಕಾಳ ಮೊಣಕೈ ಪಕ್ಕ ಇಟ್ಟು ಹೋಗಿದ್ದಳು. ಅದು ತಣ್ಣಗಾಗುವ ಹೊತ್ತಿಗೆ ಪರದೆಯ ಮೇಲೆ ದೀಪ ಆರಿತ್ತು. ಅದಿದ್ದ ಜಾಗದಲ್ಲಿ ದುಂಡಗಿನ, ಮೆಲ್ಲನೆ ಇಳಿಜಾರಾಗುವ ಮಂಕು ಬೆಳಕು ಉಳಿದಿತ್ತು.

ಕೋಣೆಯಲ್ಲಿ ಮೂವರೇ ಇದ್ದರು. ತ್ಯೂನಿಸ್‌ನಲ್ಲಿ ರಫೀಕಾ ಸುಮ್ಮನಿದ್ದಿದ್ದರೆ ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮೂರು ಜನ ಪರೀಕ್ಷಿಸಿ ಸಹಿ ಹಾಕಿದ ಚಿತ್ರ ಅದು. ರಫೀಕಾ ಅದನ್ನೇ ನೋಡುತ್ತಾ ಕೂತಳು. ಅಲ್ಜಿಯಾ ಇನ್ನೊಂದು ತುದಿಯಲ್ಲಿ ಕನ್ನಡಕ ಒರೆಸುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ರಫೀಕಾ ಪಟ್ಟಿ ತೆಗೆದು ಹತ್ತೊಂಬತ್ತನೆಯ ಸಾಲಿನ ಮೇಲೆ ಗೆರೆ ಎಳೆದಳು. ಆಮೇಲೆ ತಣ್ಣಗಾದ ರೊಟ್ಟಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನೀರು ಬೇಕಾ ಎಂದು ಅಲ್ಜಿಯಾ ಕೇಳಿದಳು.

ವಸಂತದ ಸಭೆಗೆ ಅವಳು ಹೋಗಲಿಲ್ಲ. ಆ ಚಿತ್ರ ಇಲ್ಲವೆಂದು ತಿಳಿಸಿದ ಮೇಲೆ ಅವರು ಬೇರೆಯವರನ್ನು ಕರೆದರು. ಪ್ರಬಂಧವನ್ನು ಇಪ್ಪತ್ತೊಂಬತ್ತು ಗೆಲಾಕ್ಸಿಗಳಿಂದ ಮತ್ತೆ ಬರೆದಳು. ಒಂದು ಬೆಳಿಗ್ಗೆ ಸಿ ಲಮ್ಜೆದ್ ತಮ್ಮ ಇಪ್ಪತ್ತು ವರ್ಷದ ಹಳೆಯ ನಕ್ಷೆಯನ್ನು ಗೋಡೆಯಿಂದ ಇಳಿಸಿ ತಂದು, ಉಬ್ಬು ಮತ್ತು ಕುಳಿಗಳ ನಡುವೆ ತಾವು ಎಳೆದಿದ್ದ ನೇರ ಗೆರೆಯ ಪಕ್ಕದಲ್ಲಿ, ಅದಕ್ಕೆ ಸೇರದ ಇಪ್ಪತ್ತೊಂಬತ್ತು ಚುಕ್ಕೆಗಳನ್ನು ಕೆಂಪು ಶಾಯಿಯಿಂದ ತಾವೇ ಕೂತು ಹಾಕಿದರು. ಅಂಚಿನವರೆಗೂ ಹಾಕಿ ಮುಗಿಸಿ, ಚೆನ್ನಾಗಿದೆ ಎಂದರು. ಉಬ್ಬನ್ನು ಬಿಟ್ಟು ಇಡೀ ಗೆಲಾಕ್ಸಿಯ ತೂಕ ತೆಗೆದುಕೊಂಡರೆ ಚುಕ್ಕೆಗಳು ಮತ್ತೆ ಸಾಲಿಗೆ ಬರುತ್ತವೆಯೋ ಏನೋ ನೋಡೋಣ, ಢಿಕ್ಕಿ ಇಲ್ಲದೆಯೂ ಅವು ಜೊತೆಗೇ ಬೆಳೆಯುತ್ತಿರಬೇಕು ಎಂದು ಹೇಳಿ, ಆ ಕೆಲಸವನ್ನು ಅವತ್ತೇ ಶುರು ಮಾಡಿದರು.

ಪ್ರಬಂಧ ಪ್ರಕಟಿಸುವವರ ಅರ್ಜಿಯಲ್ಲಿ ಪ್ರತಿ ಲೇಖಕರ ಸಂಸ್ಥೆ ಯಾವುದೆಂದು ಬರೆಯಬೇಕಿತ್ತು. ಅಲ್ಜಿಯಾಳನ್ನು ಕೇಳಿದಾಗ ಯುವಜನ ಕೇಂದ್ರ, ದೆಗಾಶ್ ಎಂದು ಹಾಕು ಎಂದಳು, ಹಾಗೆಯೇ ಅಚ್ಚಾಯಿತು.

ಅಚ್ಚಾದ ದಿನ ರಫೀಕಾ ಮಧ್ಯಾಹ್ನವೇ ಯುವಜನ ಕೇಂದ್ರಕ್ಕೆ ಫೋನು ಮಾಡಿದಳು. ಹೆಸರು ಮೂರನೆಯದಾಗಿ ಬಂದಿದೆ, ದೊಡ್ಡ ಅಕ್ಷರದಲ್ಲಿದೆ, ಒಂದು ಪ್ರತಿಯನ್ನು ವಿದಾದ್‌ಗೆ ಕಳಿಸಿದ್ದೇನೆ ಎಂದಳು. ಆ ಕಡೆಯಿಂದ ಅಲ್ಜಿಯಾ, "ಒಳ್ಳೇದಾಯ್ತು ಮಗಳೇ. ಒಂದು ನಿಮಿಷ ಇರು, ಇದೊಂದು ನೋಡ್ಬಿಡ್ತೀನಿ," ಎಂದಳು. ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

ರಫೀಕಾ ಕಿವಿಗೆ ಹಿಡಿದುಕೊಂಡೇ ಇದ್ದಳು. ಗುಂಡಿ ಒತ್ತಿದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಹಿಂದೆಯೇ ಮತ್ತೊಂದು. ದೂರದಲ್ಲಿ ಯಾರೋ ಕುರ್ಚಿ ಎಳೆದರು, ಚಹಾ ಲೋಟ ತಟ್ಟೆಗೆ ತಾಗಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಲ್ಜಿಯಾಳ ಉಸಿರು ಮಾತ್ರ, ಹತ್ತಿರ ಬಾಗಿ ಏನನ್ನೋ ನೋಡುತ್ತಿರುವವಳ ಉಸಿರು. ರಫೀಕಾ ತನ್ನ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಫೋನು ಹಿಡಿದು ಕಾಯುತ್ತಾ ಕೂತಳು.